ಶಿಲೆಯಾದ ಲದ್ದಿಯ ಸಾಕ್ಷ್ಯ

ನಾಡಿನ ಮೇಲೆ ದೊಡ್ಡದೊಂದು ವಿಪತ್ತು ಬಂದು ಹೋದ ಬಳಿಕ ಜನರು ಕೇಳತಕ್ಕ ಪ್ರಶ್ನೆಯು ಒಂದೇ ಆಗಿರುವುದು: ಇದು ಮತ್ತೆ ಮೊದಲಿನಂತಾಗುವುದು ಯಾವಾಗ? ೨೦೨೧ನೆಯ ಇಸವಿಯ ಜುಲೈ ತಿಂಗಳಿನ ಅತಿವೃಷ್ಟಿಯಲ್ಲಿ ಯಲ್ಲಾಪುರ ತಾಲೂಕಿನ ವಜ್ರಳ್ಳಿಗೆ ಸಮೀಪವಾದ ಕಳಚೆಯಲ್ಲಿ ಗುಡ್ಡಗಳು ಕುಸಿದು, ತಲೆಮಾರುಗಳಿಂದ ಬೆಳೆಸಿಕೊಂಡು ಬಂದ ಅಡಿಕೆಯ ತೋಟಗಳೂ ದಾರಿಗಳೂ ಮಣ್ಣಿನಡಿಯಾದಾಗ ಅಲ್ಲಿಯ ಜನರು ಕೇಳಿದ ಪ್ರಶ್ನೆಯೂ ಇದೇ. ಮನೆಯನ್ನು ಮರಳಿ ಕಟ್ಟಬಹುದು. ದಾರಿಯನ್ನು ಮರಳಿ ಹಾಕಬಹುದು. ಪರಿಹಾರದ ಹಣವನ್ನು ಎಣಿಸಿ ಕೊಡಬಹುದು. ಆದರೆ ಬೆಟ್ಟವು ಮತ್ತೆ ಬೆಟ್ಟವಾಯಿತೆಂದು ಹೇಳುವುದಕ್ಕೆ ಯಾವ ಅಳತೆಗೋಲುಂಟು? ಕುಸಿದ ಮಣ್ಣಿನ ಮೇಲೆ ನಾಲ್ಕು ಮಳೆಗಾಲ ಕಳೆಯುವಷ್ಟರಲ್ಲಿ ಹಸುರು ಹಬ್ಬುವುದು ಮಲೆನಾಡಿನ ಸ್ವಭಾವ. ಆ ಹಸುರನ್ನೇ ಪುನರುಜ್ಜೀವನವೆಂದು ಕರೆಯಬಹುದೇ?

ಈ ಪ್ರಶ್ನೆಗೆ ಉತ್ತರವನ್ನು ಕೊಡಬಲ್ಲ ಸಾಕ್ಷಿಯೊಂದು ಭೂಗರ್ಭದಲ್ಲಿ ಕೋಟ್ಯಂತರ ವರ್ಷಗಳಿಂದ ಮಲಗಿದೆ. ಸಭ್ಯರ ಮಾತಿನಲ್ಲಿ ಅದರ ಹೆಸರನ್ನು ಎತ್ತುವುದಕ್ಕೆ ಸಂಕೋಚಪಡುವವರುಂಟು. ಅದು ಪುರಾತನ ಪ್ರಾಣಿಗಳ ಲದ್ದಿ. ಕಾಲಾಂತರದಲ್ಲಿ ಕಲ್ಲಾಗಿ ಉಳಿದ ಲದ್ದಿ. ಆದರೆ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ತೋಟಿಗರಿಗೆ ಈ ವಿಷಯದಲ್ಲಿ ಸಂಕೋಚವಿರಲು ಕಾರಣವಿಲ್ಲ. ಬೆಟ್ಟದ ಸೊಪ್ಪು ಕೊಟ್ಟಿಗೆಗೆ ಬಂದು, ದನದ ಕಾಲಡಿಯಲ್ಲಿ ಸೆಗಣಿಯೊಡನೆ ಬೆರೆತು, ಗೊಬ್ಬರವಾಗಿ ತೋಟಕ್ಕೆ ಇಳಿಯುವುದೇ ಅವರ ಬಾಳಿನ ಚಕ್ರ. ಒಂದು ಎಕರೆ ಅಡಿಕೆಯ ತೋಟಕ್ಕೆ ೯ ಎಕರೆಗಳವರೆಗೆ ಸೊಪ್ಪಿನ ಬೆಟ್ಟವನ್ನು ಬಿಟ್ಟುಕೊಡುವ ಪದ್ಧತಿಯು ಬ್ರಿಟಿಷರ ಆಳಿಕೆಯ ಕಾಲದಿಂದಲೂ ಈ ಜಿಲ್ಲೆಯಲ್ಲಿ ನಡೆದು ಬಂದುದು ಇದೇ ಚಕ್ರದ ಸಲುವಾಗಿ. ಕೊಟ್ಟಿಗೆಯ ಗೊಬ್ಬರವನ್ನು ನೋಡಿ ಬೆಟ್ಟದ ಯೋಗ್ಯತೆಯನ್ನೂ ದನದ ಮೇವನ್ನೂ ಹೇಳಬಲ್ಲ ಹಿರಿಯರು ನಮ್ಮಲ್ಲಿ ಇದ್ದಾರೆ. ಭೂವಿಜ್ಞಾನಿಗಳು ಮಾಡುವುದೂ ಇದನ್ನೇ. ಅವರ ಕೊಟ್ಟಿಗೆಯು ಮಾತ್ರ ಸ್ವಲ್ಪ ಹಳೆಯದು.

ಈ ವಿದ್ಯೆಯು ಹುಟ್ಟಿದ ಬಗೆಯನ್ನು ಮೊದಲು ತಿಳಿಯುವುದು ಒಳ್ಳೆಯದು. ಇಂಗ್ಲೆಂಡಿನ ಲೈಮ್ ರೀಜಿಸ್ ಎಂಬ ಕಡಲ ತೀರದಲ್ಲಿ ಮೇರಿ ಆ್ಯನಿಂಗ್ ಎಂಬ ಬಡ ಮನೆತನದ ಹೆಣ್ಣುಮಗಳು ಪುರಾತನ ಜಲಸರೀಸೃಪಗಳ ಎಲುಬುಗಳನ್ನು ಹೆಕ್ಕುತ್ತಿದ್ದಳು. ಆ ಅಸ್ಥಿಪಂಜರಗಳ ಹೊಟ್ಟೆಯ ಭಾಗದಲ್ಲಿ ಉಂಡೆಯಾಕಾರದ ಕಲ್ಲುಗಳು ಮೇಲಿಂದ ಮೇಲೆ ದೊರೆಯುತ್ತಿದ್ದವು. ಒಡೆದು ನೋಡಿದರೆ ಒಳಗೆ ಮೀನಿನ ಎಲುಬು, ಮೀನಿನ ಹುರುಪೆ. ಅವು ಲದ್ದಿಯೇ ಎಂದು ನಿರ್ಣಯಿಸಿ, ಗ್ರೀಕ್ ಭಾಷೆಯಲ್ಲಿ ಲದ್ದಿ ಮತ್ತು ಕಲ್ಲು ಎಂಬರ್ಥದ ಎರಡು ಪದಗಳನ್ನು ಜೋಡಿಸಿ, ‘ಕೊಪ್ರೊಲೈಟ್’ ಎಂಬ ಹೆಸರನ್ನು ೧೮೨೯ರಲ್ಲಿ ಕೊಟ್ಟವನು ವಿಲಿಯಂ ಬಕ್‌ಲ್ಯಾಂಡನೆಂಬ ಪಂಡಿತ. ಮುಂದೆ ಅದೇ ಶತಮಾನದಲ್ಲಿ ಸಫೋಕ್, ಕೇಂಬ್ರಿಜ್ ಪ್ರಾಂತಗಳಲ್ಲಿ ಅದೇ ಹೆಸರಿನಿಂದ ರಂಜಕಯುಕ್ತ ಕಲ್ಲುಂಡೆಗಳನ್ನು ಅಗೆದು, ಪುಡಿಮಾಡಿ, ಗಂಧಕಾಮ್ಲದಲ್ಲಿ ಸಂಸ್ಕರಿಸಿ, ಹೊಲಗಳಿಗೆ ಗೊಬ್ಬರವಾಗಿ ಮಾರುವ ದೊಡ್ಡ ಉದ್ಯಮವೇ ನಡೆಯಿತು. ಅವುಗಳಲ್ಲಿ ಹೆಚ್ಚಿನವು ನಿಜವಾದ ಲದ್ದಿಯಲ್ಲವೆಂಬುದು ತರುವಾಯ ತಿಳಿದ ಸಂಗತಿ.

ಲದ್ದಿಯು ಕಲ್ಲಾಗುವುದು ಹೇಗೆಂದು ವಾಚಕರು ಕೇಳಬಹುದು. ಬಿಸಿಲಲ್ಲಿ ಬಿದ್ದುದು ಒಣಗಿ ಪುಡಿಯಾಗುವುದು. ಮಳೆಯಲ್ಲಿ ಬಿದ್ದುದು ಕರಗಿ ಹೋಗುವುದು. ಉಳಿದುದನ್ನು ಹುಳುಗಳು ತೀರಿಸುವುವು. ಆದರೆ ಕೆರೆಯ ಕೆಸರಿನಲ್ಲಿಯೋ ಹೊಳೆಯ ನೆರೆಮಣ್ಣಿನಲ್ಲಿಯೋ ಒಡನೆಯೇ ಹೂತುಹೋದರೆ, ಸೂಕ್ಷ್ಮಜೀವಿಗಳ ಕೆಲಸದಿಂದಲೂ ಖನಿಜಗಳು ಒಳಸೇರುವುದರಿಂದಲೂ ಅದರ ಆಕಾರವು ಗಟ್ಟಿಗೊಂಡು ನಿಲ್ಲುವುದು. ಮಾಂಸಾಹಾರಿಗಳ ಲದ್ದಿಯಲ್ಲಿ ಎಲುಬಿನಿಂದ ಬಂದ ಸುಣ್ಣವೂ ರಂಜಕವೂ ಹೇರಳವಾಗಿರುವುದರಿಂದ ಅದು ಬೇಗನೆ ಕಲ್ಲಾಗುವುದು. ಸಸ್ಯಾಹಾರಿಗಳದು ಅಷ್ಟು ಸುಲಭವಾಗಿ ಉಳಿಯದು. ಆದುದರಿಂದ ಈ ಸಾಕ್ಷಿಯು ಪಕ್ಷಪಾತಿಯೂ ಅಹುದು. ನ್ಯಾಯಾಧೀಶನು ಸಾಕ್ಷಿಯ ಮಾತನ್ನು ತೂಗಿ ನೋಡುವಂತೆ ವಿಜ್ಞಾನಿಯೂ ಇದನ್ನು ತೂಗಿ ನೋಡಬೇಕಾಗುವುದು.

ಹೀಗಿದ್ದರೂ ಈ ಸಾಕ್ಷಿಯನ್ನು ಬಿಟ್ಟು ಬೇರೆ ಗತಿಯಿಲ್ಲದ ಒಂದು ವಿಷಯವುಂಟು. ಎಲುಬು ಹೇಳುವುದು ಇಂಥ ಪ್ರಾಣಿ ಇತ್ತೆಂಬುದನ್ನು ಮಾತ್ರ. ಎಲೆಯ ಅಚ್ಚು ಹೇಳುವುದು ಇಂಥ ಗಿಡವಿತ್ತೆಂಬುದನ್ನು ಮಾತ್ರ. ಆ ಪ್ರಾಣಿಯು ಆ ಗಿಡವನ್ನು ತಿಂದಿತೇ, ಆ ಮೀನನ್ನು ನುಂಗಿತೇ, ಆ ಕೀಟವನ್ನು ಅಗಿಯಿತೇ ಎಂಬುದನ್ನು ಲದ್ದಿಯೇ ಹೇಳಬೇಕು. ಎಲುಬುಗಳು ಒಂದು ಊರಿನ ಜನಗಣತಿಯಂತೆ. ಲದ್ದಿಯಾದರೋ ಆ ಊರಿನ ಅಂಗಡಿಯ ಲೆಕ್ಕದ ಪುಸ್ತಕದಂತೆ. ಜನರೆಷ್ಟೆಂದು ಗಣತಿಯಿಂದ ತಿಳಿಯುವುದು; ಕೊಡುಕೊಳ್ಳುವ ವ್ಯವಹಾರವು ನಡೆದಿದೆಯೋ ನಿಂತಿದೆಯೋ ಎಂಬುದು ಲೆಕ್ಕದ ಪುಸ್ತಕದಿಂದಲೇ ತಿಳಿಯತಕ್ಕದ್ದು. ಒಂದು ನಾಡು ಬದುಕಿದೆಯೆಂದರೆ ವ್ಯವಹಾರವು ನಡೆದಿದೆಯೆಂದೇ ಅರ್ಥವಷ್ಟೇ.

ಇಂಥ ಕಲ್ಲುಗಳು ವಜ್ರಳ್ಳಿಯ ಸುತ್ತಿನ ಬೆಟ್ಟಗಳಲ್ಲಿ ದೊರೆಯುವುವೋ ಎಂದರೆ, ಇಲ್ಲ. ಈ ಘಟ್ಟದ ಮೈಯನ್ನು ಮುರಕಲ್ಲಿನ ಹೊದಿಕೆಯು ಮುಚ್ಚಿರುವುದು. ಅದರ ಅಡಿಯಲ್ಲಿರುವ ಶಿಲೆಗಳು ಧಾರವಾಡ ವರ್ಗವೆಂದು ಲೋಕದ ಭೂಶಾಸ್ತ್ರದಲ್ಲೆಲ್ಲ ಹೆಸರಾದವು. ಅವುಗಳ ವಯಸ್ಸು ೨೫೦ ಕೋಟಿ ವರ್ಷಗಳಿಗೂ ಮೇಲ್ಪಟ್ಟುದು. ಆಗ ಭೂಮಿಯ ಮೇಲೆ ಕಾಲಿರುವ ಪ್ರಾಣಿಯಾಗಲಿ ಎಲೆಯಿರುವ ಗಿಡವಾಗಲಿ ಇರಲಿಲ್ಲ. ಸೂಕ್ಷ್ಮಜೀವಿಗಳು ಮಾತ್ರ ಇದ್ದವು. ತಿನ್ನುವವರೇ ಇಲ್ಲದೆಡೆಯಲ್ಲಿ ಲದ್ದಿಯೆಲ್ಲಿಂದ ಬಂದೀತು? ಈ ಪುಸ್ತಕವನ್ನು ಓದಬೇಕಾದರೆ ನಾವು ಗೋದಾವರಿಯ ಕಡೆಗೆ ಹೋಗಬೇಕು. ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡ ನಾಡು ಹಬ್ಬಿತ್ತೆಂದು ಕವಿರಾಜಮಾರ್ಗವು ಹೇಳಿರುವುದನ್ನು ಬಲ್ಲ ನಮಗೆ ಆ ಹೊಳೆಯು ಪರಕೀಯವೇನೂ ಅಲ್ಲ. ಇಂದು ತೆಲಂಗಾಣ ಮಹಾರಾಷ್ಟ್ರಗಳಿಗೆ ಸೇರಿರುವ ಪ್ರಾಣಹಿತಾ ಗೋದಾವರಿಗಳ ಕಣಿವೆಯಲ್ಲಿ, ಒಂದರ ಮೇಲೊಂದಾಗಿ ಪೇರಿಸಿಟ್ಟ ಗ್ರಂಥಗಳಂತೆ, ಪ್ರಳಯದ ಮುಂಚಿನ ಮಣ್ಣೂ ಪ್ರಳಯಾನಂತರದ ಮಣ್ಣೂ ಉಳಿದು ಬಂದಿವೆ.

ಪ್ರಳಯವೆಂಬ ಮಾತು ಇಲ್ಲಿ ಅಲಂಕಾರವಲ್ಲ. ಇಂದಿಗೆ ಸುಮಾರು ೨೫ ಕೋಟಿ ೨೦ ಲಕ್ಷ ವರ್ಷಗಳ ಹಿಂದೆ, ಪರ್ಮಿಯನ್ ಯುಗವು ಮುಗಿದು ಟ್ರಯಾಸಿಕ್ ಯುಗವು ತೊಡಗುವ ಸಂಧಿಯಲ್ಲಿ, ಸೈಬೀರಿಯದಲ್ಲಿ ಜ್ವಾಲಾಮುಖಿಗಳು ಅಪಾರವಾದ ಲಾವಾವನ್ನು ಕಾರಿದವು. ಅದರೊಡನೆ ಹೊರಟ ಅನಿಲಗಳಿಂದ ಭೂಮಿಯು ಕಾದಿತು. ಕಡಲಿನ ನೀರು ಆಮ್ಲಯುಕ್ತವಾಗಿ ಅದರಲ್ಲಿ ಪ್ರಾಣವಾಯುವು ಕುಂದಿತು. ಕಡಲಿನ ಜೀವಜಾತಿಗಳಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಪಾಲು ಅಳಿದು ಹೋದವು. ಅದಕ್ಕೆ ಮೊದಲು ಅಥವಾ ಆ ಬಳಿಕ ಭೂಮಿಯು ಅಷ್ಟು ದೊಡ್ಡ ನಾಶವನ್ನು ಕಂಡಿಲ್ಲವೆಂದು ಬಲ್ಲವರ ಅಭಿಪ್ರಾಯ. ಈ ನಾಶದ ಗುರುತನ್ನು ನೋಡಲು ದೂರ ಹೋಗಬೇಕಾಗಿಲ್ಲ. ಸಿಂಗರೇಣಿಯ ಕಲ್ಲಿದ್ದಲು ಪರ್ಮಿಯನ್ ಯುಗದ ಗ್ಲೊಸೊಪ್ಟೆರಿಸ್ ಎಂಬ ಮರಗಳ ಕಾಡುಗಳಿಂದ ಆದುದು. ರಾಯಚೂರಿನ ಶಾಖೋತ್ಪನ್ನ ವಿದ್ಯುತ್ ಕೇಂದ್ರದಲ್ಲಿ ಉರಿದು ಕನ್ನಡಿಗರ ಮನೆಗಳಿಗೆ ಬೆಳಕು ಕೊಟ್ಟುದು ಆ ಕಾಡೇ. ಆದರೆ ಪ್ರಳಯದ ಗೆರೆಯನ್ನು ದಾಟಿ ಮೇಲಿನ ಪದರುಗಳಿಗೆ ಬಂದರೆ ಕಲ್ಲಿದ್ದಲು ನಿಂತೇಹೋಗುವುದು. ನಮ್ಮ ದೇಶದಲ್ಲಿ ಮಾತ್ರವಲ್ಲ, ಲೋಕದಲ್ಲೆಲ್ಲಿಯೂ ಟ್ರಯಾಸಿಕ್ ಯುಗದ ಆರಂಭದ ಕಲ್ಲಿದ್ದಲು ಸಿಕ್ಕಿಲ್ಲ. ಸುಮಾರು ೧ ಕೋಟಿ ವರ್ಷಗಳ ಕಾಲ ಕಲ್ಲಿದ್ದಲಾಗಬಲ್ಲಂಥ ದಟ್ಟವಾದ ಜೌಗುಗಾಡು ಭೂಮಿಯ ಮೇಲೆ ಬೆಳೆಯಲೇ ಇಲ್ಲವೆಂದು ಇದರ ಅರ್ಥ.

ಪ್ರಳಯದ ಕೂಡಲೆ ಭೂಮಿಯು ಬರಿದಾಗಿ ಉಳಿಯಿತೆಂದು ಮಾತ್ರ ತಿಳಿಯಬಾರದು. ದಾಮೋದರ ನದಿಯ ಕಣಿವೆಯಲ್ಲಿ, ರಾಣೀಗಂಜದ ಕಲ್ಲಿದ್ದಲಿನ ಪದರುಗಳ ಮೇಲೆ, ಪಂಚೇತ್ ಎಂಬ ಹೆಸರಿನ ಶಿಲಾಪದರುಗಳಿವೆ. ಅಲ್ಲಿ ಲಿಸ್ಟ್ರೊಸಾರಸ್ ಎಂಬ, ಎರಡು ಕೋರೆಹಲ್ಲಿನ, ಹಂದಿಯಷ್ಟು ಗಾತ್ರದ ಸಸ್ಯಾಹಾರಿಯ ಎಲುಬುಗಳು ದೊರೆಯುವುವು. ಇದೇ ಪ್ರಾಣಿಯು ದಕ್ಷಿಣ ಆಫ್ರಿಕದಲ್ಲಿಯೂ ಅಂಟಾರ್ಕ್ಟಿಕದಲ್ಲಿಯೂ ಚೀನದಲ್ಲಿಯೂ ದೊರೆತಿದೆ. ಸಂಖ್ಯೆಯಿಂದ ನೋಡಿದರೆ ಜೀವವು ತುಂಬಿ ತುಳುಕುತ್ತಿತ್ತು. ಆದರೆ ಒಂದೇ ಬಗೆಯ ಪ್ರಾಣಿಯು ಲೋಕವನ್ನೆಲ್ಲ ಆಕ್ರಮಿಸಿಕೊಂಡಿರುವುದು ಸಮೃದ್ಧಿಯ ಲಕ್ಷಣವಲ್ಲ. ಸ್ಪರ್ಧಿಗಳೂ ಭಕ್ಷಕರೂ ಇಲ್ಲವಾದುದರ ಲಕ್ಷಣ. ಪಾಳುಬಿದ್ದ ಗದ್ದೆಯಲ್ಲಿ ಒಂದೇ ಕಳೆಯು ಎದೆಯೆತ್ತರಕ್ಕೆ ಬೆಳೆದು ನಿಂತುದನ್ನು ನೋಡಿ ಬೆಳೆಯು ಹುಲುಸಾಗಿದೆಯೆಂದು ಯಾವ ರೈತನೂ ಹೇಳಲಾರನು.

ನಿಜವಾದ ಪುನರುಜ್ಜೀವನದ ಕಥೆಯು ಇನ್ನೂ ಮೇಲಿನ ಪದರುಗಳಲ್ಲಿದೆ. ಗೋದಾವರಿಯ ಕಣಿವೆಯ ಯರ್ರಪಳ್ಳಿಯ ಪದರುಗಳು ಮಧ್ಯ ಟ್ರಯಾಸಿಕ್ ಕಾಲದವು. ಅಲ್ಲಿ ದೊಡ್ಡ ಗಾತ್ರದ ಸಸ್ಯಾಹಾರಿಗಳೂ ಅವುಗಳನ್ನು ಬೇಟೆಯಾಡಬಲ್ಲ ಸರೀಸೃಪಗಳೂ ಶ್ವಾಸಕೋಶವುಳ್ಳ ಮೀನುಗಳೂ ಕಾಣಿಸಿಕೊಳ್ಳುವುವು. ಅದರ ಮೇಲಿನ ಮಾಲೇರಿಯ ಕೆಂಪು ಜೇಡಿಯ ಪದರುಗಳಿಗೆ ಬಂದರೆ, ೨೩ ಕೋಟಿ ವರ್ಷಗಳ ಆಸುಪಾಸಿನಲ್ಲಿ, ಒಂದು ತುಂಬಿದ ಸಂಸಾರವೇ ಕಣ್ಣಿಗೆ ಬೀಳುವುದು: ಗಿಣಿಯಂತೆ ಬಾಗಿದ ಮೂತಿಯ ಹೈಪರೊಡಪೆಡಾನ್, ಮೊಸಳೆಯನ್ನು ಹೋಲುವ ಪ್ಯಾರಾಸೂಕಸ್, ನಮ್ಮ ದೇಶದ ಅತ್ಯಂತ ಪುರಾತನ ಡೈನೊಸಾರುಗಳಲ್ಲಿ ಒಂದಾದ ಆಲ್ವಾಕೇರಿಯ, ಹೊಳೆಯ ಶಾರ್ಕುಗಳು, ಶ್ವಾಸಕೋಶದ ಮೀನುಗಳು. ಇವುಗಳ ಎಲುಬು ಹಲ್ಲುಗಳ ನಡುವೆ ಕಲ್ಲಾದ ಲದ್ದಿಯು ಹೇರಳವಾಗಿ ಬಿದ್ದಿರುವುದು. ಸಿ. ಎ. ಮ್ಯಾಟ್ಲಿ ಎಂಬ ಭೂವಿಜ್ಞಾನಿಯು ೧೯೩೯ರಲ್ಲಿ ಇವುಗಳನ್ನು ವರ್ಣಿಸಿದನು. ಕಲಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಸೋಹನ್‌ಲಾಲ್ ಜೈನ್ ಅವರು ೧೯೮೩ರಲ್ಲಿ ಇವುಗಳೊಳಗಿನ ಸುರುಳಿಯಾಕಾರದವುಗಳನ್ನು ಕುರಿತು ವಿಶೇಷ ಲೇಖನವನ್ನು ಬರೆದರು. ಕರುಳಿನೊಳಗೆ ತಿರುಪಿನಂಥ ಸುರುಳಿಯಿರುವ ಮೀನುಗಳಿಂದ ಮಾತ್ರ ಇಂಥ ಆಕಾರದ ಲದ್ದಿಯು ಆಗಬಲ್ಲುದು. ಶಾರ್ಕಿಗೂ ಶ್ವಾಸಕೋಶದ ಮೀನಿಗೂ ಅಂಥ ಕರುಳುಂಟು. ಹೀಗೆ ಕಲ್ಲಿನ ಆಕಾರವೊಂದೇ ಒಡೆಯನ ಗುರುತನ್ನು ಹೇಳಿಬಿಡುವುದು.

ಇದಕ್ಕಿಂತಲೂ ಸ್ಪಷ್ಟವಾದ ಸಾಕ್ಷ್ಯವೊಂದು ಇದೇ ಮಾಲೇರಿಯಲ್ಲಿ ದೊರೆಯಿತು. ಅಲ್ಲಿ ಸಿಕ್ಕ ಎರಡು ಪ್ಯಾರಾಸೂಕಸ್ ಅಸ್ಥಿಪಂಜರಗಳ ಹೊಟ್ಟೆಯ ಭಾಗದಲ್ಲಿ ಅವು ನುಂಗಿದ್ದ ಸಣ್ಣ ಸರೀಸೃಪಗಳ ಎಲುಬುಗಳಿದ್ದವು. ಆ ನುಂಗಲ್ಪಟ್ಟ ಪ್ರಾಣಿಗೆ ಶಂಕರ ಚಟರ್ಜಿಯವರು ೧೯೮೦ರಲ್ಲಿ ಮಾಲೇರಿಸಾರಸ್ ಎಂದು ಹೆಸರಿಟ್ಟರು. ತಿಂದವನೂ ತಿನ್ನಲ್ಪಟ್ಟವನೂ ಒಂದೇ ಕಲ್ಲಿನಲ್ಲಿ ಉಳಿದಿರುವ ಇಂಥ ಸಂಗತಿಗಳನ್ನೂ ಲದ್ದಿಗಳನ್ನೂ ಜೋಡಿಸಿ ನೋಡಿದರೆ, ಪ್ರಳಯವಾಗಿ ಸುಮಾರು ಎರಡು ಕೋಟಿ ವರ್ಷಗಳು ಕಳೆದ ಮೇಲೆ ಗೋದಾವರಿಯ ಕೊಳ್ಳದಲ್ಲಿ ಭಕ್ಷ್ಯ ಭಕ್ಷಕರ ಸರಪಳಿಯು ಮೇಲಿನಿಂದ ಕೆಳಗಿನವರೆಗೆ ಕೂಡಿಕೊಂಡಿತ್ತೆಂದು ಹೇಳಬಹುದು. ಲೋಕದ ಇತರ ಕಡೆಗಳಲ್ಲಿ ನಡೆದ ಶೋಧಗಳಿಂದ, ಸಂಪೂರ್ಣವಾದ ಚೇತರಿಕೆಗೆ ೮೦ ಲಕ್ಷದಿಂದ ೧ ಕೋಟಿ ವರ್ಷಗಳು ಬೇಕಾದುವೆಂಬ ಅಭಿಪ್ರಾಯವು ಪ್ರಚಲಿತವಾಗಿದೆ. ಆದರೆ ಎಲ್ಲ ಕಡೆಯೂ ಇಷ್ಟು ನಿಧಾನವಾಗಿರಲಿಲ್ಲ. ಚೀನದ ಗ್ವಿಯಾಂಗ್ ನಗರದ ಸಮೀಪದಲ್ಲಿ ದೊರೆತು ೨೦೨೩ರಲ್ಲಿ ಪ್ರಕಟವಾದ ಕಡಲ ಜೀವಿಗಳ ಸಮೂಹವೊಂದು, ಪ್ರಳಯವಾಗಿ ಸುಮಾರು ಹತ್ತು ಲಕ್ಷ ವರ್ಷಗಳೊಳಗಾಗಿಯೇ ಕೆಲವು ಕಡಲುಗಳಲ್ಲಿ ತೊಡಕಾದ ಸಂಸಾರವು ಕಟ್ಟಿಕೊಂಡಿತ್ತೆಂದು ತೋರಿಸಿದೆ. ಚೇತರಿಕೆಯು ನೆಲನೆಲಕ್ಕೆ ಬೇರೆ ಬೇರೆ. ಎಲ್ಲಿ ಬೀಜವೂ ಆಸರೆಯೂ ಉಳಿದಿತ್ತೋ ಅಲ್ಲಿ ಬೇಗ ಆಗುವುದೆಂದು ಇದರಿಂದ ಊಹಿಸಬಹುದು.

ಲದ್ದಿಯ ಸಾಕ್ಷ್ಯವನ್ನು ಅತ್ಯಂತ ವಿಸ್ತಾರವಾಗಿ ಬಳಸಿಕೊಂಡವರು ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದವರು. ಪೋಲೆಂಡಿನ ನೆಲದಲ್ಲಿ ಸಿಕ್ಕ, ೨೩ ಕೋಟಿಯಿಂದ ೨೦ ಕೋಟಿ ವರ್ಷಗಳ ಹಿಂದಿನ ೫೦೦ಕ್ಕೂ ಮಿಕ್ಕಿದ ಲದ್ದಿ ಮತ್ತು ವಾಂತಿಯ ಕಲ್ಲುಗಳನ್ನು ಅವರು ಪರೀಕ್ಷಿಸಿ, ೨೦೨೪ರ ನವೆಂಬರ್ ತಿಂಗಳಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಕಲ್ಲನ್ನು ಒಡೆಯದೆಯೇ ಪ್ರಬಲವಾದ ಕ್ಷಕಿರಣಗಳಿಂದ ಒಳಗನ್ನು ನೋಡುವ ಸಾಧನವು ಈಗ ಉಂಟು. ಆದುದರಿಂದ ಮೀನು, ಕೀಟ, ಎಲೆ, ಎಲುಬುಗಳೆಲ್ಲ ಇದ್ದಲ್ಲಿಯೇ ಕಾಣಿಸುವುವು. ಆ ಕಾಲದ ದೊಡ್ಡ ಸಸ್ಯಾಹಾರಿಗಳ ಲದ್ದಿಯಲ್ಲಿ ಜರೀಗಿಡಗಳೂ ಇತರ ಸಸ್ಯಗಳೂ ಮಾತ್ರವಲ್ಲದೆ ಇದ್ದಿಲು ಕೂಡ ದೊರೆಯಿತು. ಡೈನೊಸಾರುಗಳು ಒಂದೇ ಪೆಟ್ಟಿಗೆ ಲೋಕವನ್ನು ಗೆದ್ದವರಲ್ಲ. ಸಿಕ್ಕಿದುದನ್ನೆಲ್ಲ ತಿನ್ನುವ ಸಣ್ಣ ಪೂರ್ವಿಕರಿಂದ ತೊಡಗಿ, ಹವೆಯು ಬದಲಾದಂತೆ ಹೊಸ ಹೊಸ ಮೇವನ್ನು ಒಗ್ಗಿಸಿಕೊಳ್ಳುತ್ತ, ಮೂರು ಕೋಟಿ ವರ್ಷಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿದವರೆಂದು ಆ ಲದ್ದಿಗಳ ವೃತ್ತಾಂತವು ಹೇಳುವುದು. ೨೦ ಕೋಟಿ ೧೦ ಲಕ್ಷ ವರ್ಷಗಳ ಹಿಂದೆ ಇನ್ನೊಂದು ಸಾಮೂಹಿಕ ನಾಶವು ಬಂದಾಗ, ಒಂದೇ ಆಹಾರವನ್ನು ನಂಬಿದ್ದವರಲ್ಲಿ ಅನೇಕರು ಅಳಿದರು. ಹಲವು ಬಗೆಯ ಆಹಾರವನ್ನು ಬಲ್ಲವರು ಉಳಿದರು.

ಆ ಎರಡನೆಯ ನಾಶದ ಅನಂತರದ ಅಧ್ಯಾಯವೂ ಗೋದಾವರಿಯ ಕಣಿವೆಯಲ್ಲಿಯೇ ಇದೆ. ಕೋಟಾ ಎಂಬ ಪದರುಗಳಲ್ಲಿ ನಮ್ಮ ದೇಶದವರೇ ಅಗೆದು ತೆಗೆದ ಮಹಾಕಾಯನಾದ ಸಸ್ಯಾಹಾರಿ ಡೈನೊಸಾರು, ರವೀಂದ್ರನಾಥ ಠಾಕೂರರ ಜನ್ಮಶತಾಬ್ದಿಯ ಸ್ಮರಣೆಗಾಗಿ ‘ಬರಪಾಸಾರಸ್ ಟಾಗೋರೈ’ ಎಂಬ ಹೆಸರನ್ನು ೧೯೭೫ರಲ್ಲಿ ಪಡೆಯಿತು. ಅದರ ಅಸ್ಥಿಪಂಜರವು ಕಲಕತ್ತೆಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ನಿಂತಿದೆ. ನಾಗಪುರದ ಪಾದ್ರಿ ಹಿಸ್ಲಪ್ ಸಂಗ್ರಹಿಸಿದ ಎಲುಬುಗಳನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಲಂಡನ್ನಿಗೆ ಕಳಿಸಬೇಕಾಗಿದ್ದ ದೇಶದಲ್ಲಿ, ಸ್ವಾತಂತ್ರ್ಯಾನಂತರ ಒಂದು ತಲೆಮಾರಿನೊಳಗೆ ಆದ ಬದಲಾವಣೆಯಿದು. ನೆಲವು ನಮ್ಮದಾದರೆ ಸಾಲದು, ನೆಲದ ಚರಿತ್ರೆಯನ್ನು ಓದುವ ಕಣ್ಣೂ ನಮ್ಮದಾಗಬೇಕೆಂಬುದಕ್ಕೆ ಇದು ದೃಷ್ಟಾಂತವು.

ಇಂಥ ಕಣ್ಣಿನಿಂದ ಲೋಕಕ್ಕೇ ಹೊಸದಾದ ಸಂಗತಿಯೊಂದು ಹೊರಬಂದುದನ್ನು ಅನ್ನವನ್ನು ಉಣ್ಣುವ ನಾವೆಲ್ಲರೂ ತಿಳಿದಿರತಕ್ಕದ್ದು. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಪಿಸ್ದೂರ ಎಂಬ ಹಳ್ಳಿಯ ಹೊಲಗಳಲ್ಲಿ ದೊಡ್ಡ ಡೈನೊಸಾರುಗಳದೆಂದು ತಿಳಿಯಲಾದ ಲದ್ದಿಯ ಕಲ್ಲುಗಳು ಬಿದ್ದಿವೆ. ಲಖನೌದ ಬೀರಬಲ್ ಸಾಹ್ನಿ ಸಂಸ್ಥೆಯ ವಂದನಾ ಪ್ರಸಾದರೂ ಅವರ ಸಂಗಡಿಗರೂ ಅವುಗಳನ್ನು ಕರಗಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಹುಲ್ಲಿನ ಎಲೆಗಳಲ್ಲಿ ಇರುವ ಗಾಜಿನಂಥ ಸಿಲಿಕದ ಕಣಗಳು ಕಂಡವು. ಡೈನೊಸಾರುಗಳ ಕಾಲದಲ್ಲಿ ಹುಲ್ಲೇ ಇರಲಿಲ್ಲವೆಂದು ಅಲ್ಲಿಯವರೆಗೆ ಪುಸ್ತಕಗಳಲ್ಲಿ ಬರೆದಿತ್ತು. ೨೦೦೫ರಲ್ಲಿ ಈ ಶೋಧವು ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಮೇಲೆ ಆ ಮಾತನ್ನು ತಿದ್ದಬೇಕಾಯಿತು. ೨೦೧೧ರಲ್ಲಿ ಇದೇ ಲದ್ದಿಯ ಮತ್ತಷ್ಟು ಪರೀಕ್ಷೆಯಿಂದ, ಭತ್ತವು ಸೇರಿರುವ ಹುಲ್ಲಿನ ಕುಲವೂ ಆಗಲೇ ಹುಟ್ಟಿತ್ತೆಂದು ತಿಳಿದುಬಂತು. ಆ ಬಳಿಕ, ೬ ಕೋಟಿ ೬೦ ಲಕ್ಷ ವರ್ಷಗಳ ಹಿಂದೆ, ಆಕಾಶದಿಂದ ಬಿದ್ದ ಬಂಡೆಯ ಹೊಡೆತವೂ ದಖ್ಖನದ ಲಾವಾಪ್ರವಾಹಗಳೂ ಕೂಡಿದ ಕಾಲದಲ್ಲಿ ಹಕ್ಕಿಗಳ ಕವಲೊಂದನ್ನು ಬಿಟ್ಟು ಉಳಿದ ಡೈನೊಸಾರುಗಳೆಲ್ಲ ಅಳಿದವು. ಬೆಳಗಾವಿಯಿಂದ ಬೀದರದವರೆಗೆ ಹಬ್ಬಿದ ಕರಿಯ ಕಲ್ಲು ಆ ಲಾವಾವೇ. ಒಂದು ಪ್ರವಾಹಕ್ಕೂ ಮತ್ತೊಂದಕ್ಕೂ ನಡುವೆ ಕೆರೆಗಳಾಗಿ, ಅವುಗಳಲ್ಲಿ ಸೂಕ್ಷ್ಮ ಜಲಜೀವಿಗಳು ಬಾಳಿದ್ದಕ್ಕೆ ನಮ್ಮ ಗುರುಮಠಕಲ್ಲಿನ ಪದರುಗಳೇ ಸಾಕ್ಷಿ. ಬೃಹತ್ಕಾಯರು ಹೋದರು, ಅವರ ಮೇವಿನಲ್ಲಿ ಅಲ್ಪಾಂಶವಾಗಿದ್ದ ಹುಲ್ಲು ಉಳಿಯಿತು. ಇಂದು ಮನುಷ್ಯಕುಲದ ಅರ್ಧವು ಆ ಹುಲ್ಲಿನ ಕಾಳಿನಿಂದ ಬದುಕಿದೆ.

ಈ ಪುರಾತನ ವೃತ್ತಾಂತದಿಂದ ಕಳಚೆಯ ರೈತನಿಗೆ ಆಗಬೇಕಾದುದೇನೆಂದು ಕೆಲವರು ಕೇಳಿಯಾರು. ಕೋಟಿ ವರ್ಷಗಳ ಲೆಕ್ಕವು ಐದು ವರ್ಷಗಳ ಯೋಜನೆಗೆ ಹೊಂದುವುದಿಲ್ಲವೆಂಬುದು ದಿಟ. ಬೆಟ್ಟದ ಕುಸಿತವನ್ನು ಭೂಮಂಡಲದ ಪ್ರಳಯದೊಡನೆ ಸಮೀಕರಿಸುವುದೂ ಸಲ್ಲದು. ಕುಸಿದ ಜಾಗದ ಪಕ್ಕದಲ್ಲಿಯೇ ಜೀವಂತವಾದ ಅಡವಿಯು ನಿಂತಿದೆ. ಆದರೆ ಕಾಲದ ಪ್ರಮಾಣವು ಬೇರೆಯಾದರೂ ನಿಯಮವು ಬೇರೆಯಲ್ಲ. ಹಸುರು ಬೇರೆ, ಅಡವಿ ಬೇರೆ. ಸಂಖ್ಯೆ ಬೇರೆ, ಸಂಬಂಧ ಬೇರೆ. ಲಿಸ್ಟ್ರೊಸಾರಸ್ಸಿನ ಕಾಲದಲ್ಲಿ ಭೂಮಿಯು ತುಂಬಿದಂತೆ ಕಂಡರೂ ಬಡವಾಗಿತ್ತು. ೧೯೮೦ರ ದಶಕದಿಂದ ನಮ್ಮ ಜಿಲ್ಲೆಯ ಬೋಳುಗುಡ್ಡಗಳ ಮೇಲೆ ಸಾಲುಸಾಲಾಗಿ ನೆಟ್ಟ ಅಕೇಶಿಯದ ತೋಪುಗಳನ್ನು ನೋಡಿದವರಿಗೆ ಈ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ. ದೂರದಿಂದ ನೋಡಿದರೆ ಅದು ಕಾಡು. ಕಾಗದದ ಮೇಲೆ ಎಣಿಸಿದರೆ ಅದು ಇಷ್ಟು ಸಾವಿರ ಗಿಡ. ಒಳಗೆ ಹೋಗಿ ನೆಲವನ್ನು ನೋಡಿದರೆ ತರಗೆಲೆಯ ಮೇಲೆ ಹಕ್ಕಿಯ ಹಿಕ್ಕೆಯಿಲ್ಲ, ಮೃಗದ ಲದ್ದಿಯಿಲ್ಲ. ತಿನ್ನುವುದಕ್ಕೆ ಹಣ್ಣಿಲ್ಲದೆಡೆಗೆ ಯಾರು ಬರುವರು?

ಅದಕ್ಕೆ ಪ್ರತಿಯಾಗಿ ನೈಜವಾದ ಅಡವಿಯ ನೆಲವನ್ನು ನೋಡಬೇಕು. ಕಬ್ಬೆಕ್ಕು ಬೈನೆಯ ಹಣ್ಣನ್ನು ತಿಂದು ಬೀಜವನ್ನು ಬಂಡೆಯ ಮೇಲೋ ಬಿದ್ದ ಮರದ ಮೇಲೋ ಇಳಿಸಿ ಹೋಗಿರುವುದು. ಕರಡಿಯು ಕಕ್ಕೆಯ ಕಾಯನ್ನು ಮೆದ್ದು ಅದರ ಬೀಜಗಳನ್ನು ಮೈಲುಗಟ್ಟಲೆ ದೂರದಲ್ಲಿ ಬಿತ್ತಿರುವುದು. ಮಂಗಟ್ಟೆಯ ಹಕ್ಕಿಯು ಅತ್ತಿ, ಆಲ, ರಾಂಪತ್ರೆಗಳ ಹಣ್ಣನ್ನು ನುಂಗಿ ಬೀಜವನ್ನು ಗೂಡಿನ ಮರದಡಿಯಲ್ಲಿಯೂ ಹಾರುವ ದಾರಿಯಲ್ಲಿಯೂ ಚೆಲ್ಲಿರುವುದು. ಅರಣ್ಯ ಇಲಾಖೆಯ ಕೂಲಿಯಿಲ್ಲದೆ, ಸರಕಾರದ ಅನುದಾನವಿಲ್ಲದೆ ನಡೆಯುವ ಬಿತ್ತನೆಯಿದು. ಕುಸಿದ ಗುಡ್ಡದ ಮೇಲೆ ಕಬ್ಬೆಕ್ಕಿನ ಲದ್ದಿಯು ಮೊದಲ ಸಲ ಕಂಡ ದಿನವನ್ನು, ನೆಟ್ಟ ಗಿಡಗಳನ್ನು ಎಣಿಸಿದ ದಿನಕ್ಕಿಂತ ಹೆಚ್ಚಿನದೆಂದು ನಾವು ಗಣಿಸಬೇಕು. ಏಕೆಂದರೆ ಆ ದಿನದಿಂದ ಆ ನೆಲವು ಪಕ್ಕದ ಅಡವಿಯೊಡನೆ ವ್ಯವಹಾರವನ್ನು ತೊಡಗಿತೆಂದು ಅರ್ಥ.

ಆದುದರಿಂದ ನಮ್ಮ ಸೂಚನೆಯು ಸರಳವಾದುದು. ಕುಸಿದ ಗುಡ್ಡಗಳೂ ಕಡಿದ ಕಾಡುಗಳೂ ಚೇತರಿಸಿಕೊಂಡುವೆಂಬ ವರದಿಯನ್ನು ಗಿಡಗಳ ಸಂಖ್ಯೆಯಿಂದ ಮಾತ್ರ ಬರೆಯುವ ಪದ್ಧತಿಯು ನಿಲ್ಲಬೇಕು. ಯಾವ ಹಕ್ಕಿಯ ಹಿಕ್ಕೆ, ಯಾವ ಮೃಗದ ಲದ್ದಿ, ಅದರಲ್ಲಿ ಯಾವ ಯಾವ ಬೀಜ ಎಂಬುದನ್ನು ಪ್ರತಿವರ್ಷವೂ ದಾಖಲೆ ಮಾಡಬೇಕು. ಇದಕ್ಕೆ ಬೆಲೆಬಾಳುವ ಯಂತ್ರಗಳೇನೂ ಬೇಡ. ವಜ್ರಳ್ಳಿಯಂಥ ಹಳ್ಳಿಗಳ ಶಾಲೆಯ ಹುಡುಗರೂ, ಸೊಪ್ಪಿಗೆ ಹೋಗುವ ರೈತರೂ ಇದನ್ನು ಬಲ್ಲರು. ಅವರು ಕನ್ನಡದಲ್ಲಿ ಹೇಳುವ ಹೆಸರುಗಳನ್ನು ಕನ್ನಡದಲ್ಲಿಯೇ ಬರೆದಿಟ್ಟುಕೊಂಡು, ಧಾರವಾಡದ ವಿಶ್ವವಿದ್ಯಾಲಯದಂಥ ವಿದ್ಯಾಪೀಠಗಳು ಅದನ್ನು ಪರೀಕ್ಷಿಸಿ ಶಾಸ್ತ್ರರೂಪಕ್ಕೆ ತರಬೇಕು. ೨೦೧೧ರಲ್ಲಿ ಬೇಡ್ತಿಯ ಕಣಿವೆಯನ್ನು ಸಂರಕ್ಷಿತ ಮೀಸಲು ಪ್ರದೇಶವೆಂದು ಸರಕಾರವು ಘೋಷಿಸಿತು. ಘೋಷಣೆಯು ಸಾರ್ಥಕವಾಯಿತೇ ಎಂಬುದನ್ನು ನೋಡುವುದಕ್ಕೂ ಇದಕ್ಕಿಂತ ನಂಬಿಕೆಯ ಅಳತೆಗೋಲು ಬೇರೆ ಇಲ್ಲ. ಹಾಗೆಯೇ ಕುಸಿದ ಗುಡ್ಡಕ್ಕೂ ಉಳಿದ ಅಡವಿಗೂ ನಡುವಿನ ಕಾಡಿನ ಪಟ್ಟಿಯನ್ನು ದಾರಿಯ ನೆವದಿಂದಲೋ ಯೋಜನೆಯ ನೆವದಿಂದಲೋ ಕಡಿಯಲಾಗದು. ಬೀಜವನ್ನು ಹೊತ್ತು ತರುವವರ ದಾರಿಯನ್ನು ಕಡಿದು, ಬೀಜವು ಬರಲಿಲ್ಲವೆಂದು ದೂರುವುದು ವಿವೇಕವಲ್ಲ.

ಈ ಜಿಲ್ಲೆಯ ಜನರಿಗೆ ಇದು ಹೊಸ ಉಪದೇಶವೂ ಅಲ್ಲ. ೧೯೮೩ನೆಯ ಇಸವಿಯ ಸೆಪ್ಟೆಂಬರಿನಲ್ಲಿ ಶಿರಸಿಯ ಸಾಲ್ಕಣಿಯ ಜನರು ಕೊಡಲಿಗೆ ಅಡ್ಡವಾಗಿ ಮರಗಳನ್ನು ಅಪ್ಪಿಕೊಂಡು ಅಪ್ಪಿಕೋ ಚಳವಳಿಯನ್ನು ತೊಡಗಿದಾಗ, ಕಾಡೆಂದರೆ ಮರದ ದಿಮ್ಮಿಗಳ ಲೆಕ್ಕವಲ್ಲ, ಮಣ್ಣು ನೀರು ಜೀವಗಳ ಕೂಟವೆಂಬುದನ್ನು ದೇಶಕ್ಕೆ ತೋರಿಸಿದರು. ಉಳಿಸು, ಬೆಳೆಸು, ಬಳಸು ಎಂಬ ಮೂರು ಮಾತುಗಳಲ್ಲಿ ಉಳಿಸು ಎಂಬುದನ್ನು ಅವರು ಮೊದಲು ಇಟ್ಟುದಕ್ಕೆ ಕಾರಣವುಂಟು. ಅಳಿದುದನ್ನು ಮರಳಿ ಕಟ್ಟುವುದಕ್ಕೆ ಪ್ರಕೃತಿಗೆ ತಗಲುವ ಕಾಲವನ್ನು ಗೋದಾವರಿಯ ಕೆಂಪು ಜೇಡಿಯು ನಮಗೆ ಎಣಿಸಿ ತೋರಿಸಿದೆ. ಭೂಮಿಗೆ ಅವಸರವಿಲ್ಲ, ಅದು ಎರಡು ಕೋಟಿ ವರ್ಷಗಳನ್ನಾದರೂ ಕಾಯಬಲ್ಲುದು. ನಮ್ಮ ತೋಟಗಳಿಗೂ ಹೊಳೆಗಳಿಗೂ ಮಕ್ಕಳಿಗೂ ಅಷ್ಟು ಅವಕಾಶವಿಲ್ಲ. ಕೊಂಡಿಗಳು ಇನ್ನೂ ಕಡಿಯದೆ ಇರುವಾಗಲೇ ಅವುಗಳನ್ನು ಕಾಯುವುದು, ಕಡಿದೆಡೆಯಲ್ಲಿ ಅವು ಕೂಡಿಕೊಳ್ಳುವುದಕ್ಕೆ ದಾರಿ ಬಿಡುವುದು, ಕೂಡಿದವೋ ಇಲ್ಲವೋ ಎಂಬುದನ್ನು ನೆಲಕ್ಕೆ ಬಾಗಿ ನೋಡುವುದು ಇಷ್ಟು ಮಾತ್ರವೇ ನಮ್ಮ ಕೈಯಲ್ಲಿರುವ ಕೆಲಸ. ಅದನ್ನು ನಾಡಿನ ಜನರೂ ಸರಕಾರವೂ ಕೂಡಿ ಇಂದೇ ತೊಡಗಲಿ.